ಮೊದಲ ಹಾಡು ದಾಟಿದ ಮೇಲೆ

ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ 1967ರ ಮಾರ್ಚ್‌ನಲ್ಲಿ ಹೊರತಂದ ಒಂದು ಆಲ್ಬಮ್ ಇದೆ. 'ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯು' ಅಂತ ಹೆಸರು. ಹೆಸರು ಇಷ್ಟುದ್ದ ಇದ್ದರೂ ಹಾಡು ಹನ್ನೊಂದೇ. ಎಲ್ಲ ಸೇರಿ ಅರ್ಧ ಗಂಟೆಗಿಂತ ಚೂರು ಜಾಸ್ತಿ. ಆ ಅರ್ಧ ಗಂಟೆಯ ಬಗ್ಗೆ ಜನ ಐವತ್ತು ವರ್ಷಕ್ಕೂ ಮೇಲ್ಪಟ್ಟು ವಾದ ಮಾಡುತ್ತಲೇ ಇದ್ದಾರೆ.

ಸೋಲ್ ಸಂಗೀತದ, ಅಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆಯಿಂದ ಬೆಳೆದ ಸಂಗೀತದ ಹುಚ್ಚಿರುವವರ ಹತ್ತಿರ ಹೋಗಿ, ಇದು ಹೇಗಿದೆ ಅಂತ ಕೇಳಿ ನೋಡಿ. ಚೆನ್ನಾಗಿಲ್ಲ ಅನ್ನುವವರು ಸಿಗುವುದು ಕಷ್ಟ. ಎಷ್ಟು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ, ಅದರ ಪುಣ್ಯ ಯಾರ ಖಾತೆಗೆ ಹೋಗಬೇಕು ಅನ್ನುವಲ್ಲಿ ಶುರುವಾಗುತ್ತದೆ ನೋಡಿ ಗಲಾಟೆ. ಹಾಡುಗಳಷ್ಟೇ ನನಗೆ ಈ ಗಲಾಟೆಯೂ ಇಷ್ಟ.

ಆಲ್ಬಮ್ಮಿನ ಮೊದಲ ಹಾಡು 'ರೆಸ್ಪೆಕ್ಟ್'. ತೊಂದರೆ ಇರುವುದೇ ಅಲ್ಲಿ. ಎಲೆ ಹಾಕಿದ ಕೂಡಲೇ ಹೋಳಿಗೆ ಬಡಿಸಿ ಮೇಲೆ ತುಪ್ಪ ಸುರಿದರೆ, ಆಮೇಲೆ ಬರುವ ಹುಳಿ, ಪಲ್ಯ, ಕೋಸಂಬರಿ ಯಾರ ಕಣ್ಣಿಗೆ ಬೀಳುತ್ತೆ? ಸಿನಿಮಾ, ಜಾಹೀರಾತು, ಟಿವಿಯ ಹಾಡಿನ ಸ್ಪರ್ಧೆ, ಎಲ್ಲ ಕಡೆ ಇದೇ ಹಾಡು. ಅರೀತಾ ಯಾರು ಅಂತ ಗೊತ್ತಿಲ್ಲದವರಿಗೂ ಆಕೆ ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಜಾಗ ಗೊತ್ತು. ಹಾಗಾಗಿ ಒಂದು ಪಂಗಡದವರು, ಅದನ್ನು ದಾಟಿಸಿ ಎರಡನೆಯ ಹಾಡಿನಿಂದ ಹಾಕು ಮಾರಾಯ, ಕೇಳಿ ಕೇಳಿ ಸಾಕಾಗಿದೆ ಅನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ.

ಯಾಕೆಂದರೆ ಆ ಹಾಡು ಆಕೆಯದೇ ಅಲ್ಲ. ಬರೆದು, 1965ರಲ್ಲಿ ಮೊದಲು ಹಾಡಿದ್ದು ಓಟಿಸ್ ರೆಡ್ಡಿಂಗ್. ಅಲ್ಲಿ ದುಡಿದು ದಣಿದು ಮನೆಗೆ ಬಂದ ಗಂಡಸು ಹೆಂಗಸಿನ ಹತ್ತಿರ ಮರ್ಯಾದೆ ಕೇಳುತ್ತಾನೆ. ಅಮೆರಿಕದ ಪಾಪ್ ಪಟ್ಟಿಯಲ್ಲಿ ಅದು 35ನೆಯ ಸ್ಥಾನಕ್ಕೆ ಬಂದು ನಿಂತಿತು. ಅರೀತಾ ಕೈಗೆ ಸಿಕ್ಕ ಮೇಲೆ ಕೇಳುವವಳು ಹೆಂಗಸು, ಕೊಡಬೇಕಾದವನು ಗಂಡಸು. ಹಾಡು ಒಂದನೆಯ ಸ್ಥಾನಕ್ಕೆ ಹೋಯಿತು. ಅಕ್ಷರ ಬಿಡಿಸಿ ಹೇಳುವುದು ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ಹಿಂದೆ ನಿಂತು ಹಾಕುವ ಮಾತುಗಳೂ ಇಲ್ಲ. ನಡುವೆ ಕಿಂಗ್ ಕರ್ಟಿಸ್ ಸ್ಯಾಕ್ಸೊಫೋನ್ ನುಡಿಸುವ ಭಾಗವನ್ನಂತೂ ಹೊಸದಾಗಿಯೇ ಸೇರಿಸಬೇಕಾಯಿತು. ಅದಕ್ಕೆ ಬೇಕಾದ ಸ್ವರಗಳ ಸರಣಿಯನ್ನು ಸ್ಯಾಮ್ ಮತ್ತು ಡೇವ್ ಜೋಡಿಯ ಬೇರೊಂದು ಹಾಡಿನಿಂದ ಎತ್ತಿಕೊಂಡರು. 1967ರ ಜೂನ್‌ನಲ್ಲಿ ಮಾಂಟೆರಿ ಸಂಗೀತ ಉತ್ಸವದ ವೇದಿಕೆ ಮೇಲೆ ಓಟಿಸ್ ಈ ಹಾಡು ಶುರು ಮಾಡುವ ಮುಂಚೆ, ಇದನ್ನು ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡುಬಿಟ್ಟಳು ಅಂತ ತಮಾಷೆಯಾಗಿ ಹೇಳಿದ. ಬರೆದವನೇ ಬಿಟ್ಟುಕೊಟ್ಟ ಮೇಲೆ ನಾವು ಅದನ್ನು ದಾಟಿಸಿ ಮುಂದೆ ಹೋಗುವುದು ಸರಿಯಾ?

ಇನ್ನು ಪಟ್ಟಿ ಮಾಡುವವರ ಕಥೆ. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಇದಕ್ಕೆ ಸಿಕ್ಕಿದ್ದು 83ನೆಯ ಸ್ಥಾನ. 2020ರಲ್ಲಿ ಹೊಸಬರನ್ನು ಸೇರಿಸಿಕೊಂಡು ಮತ್ತೆ ಮತ ಹಾಕಿಸಿದಾಗ 13ಕ್ಕೆ ಏರಿತು. ಎಪ್ಪತ್ತು ಮೆಟ್ಟಿಲು! ನಡುವೆ ಹದಿನೇಳು ವರ್ಷ ಆ ಆಲ್ಬಮ್ ಸುಮ್ನೆ ಇದ್ದಲ್ಲೇ ಇತ್ತು ಪಾಪ. ಈ ಪಟ್ಟಿಗಳನ್ನು ನಾನು ನಂಬುವುದಿಲ್ಲ, ಆದರೆ ನನಗೆ ಬೇಕಾದವರು ಮೇಲೆ ಬಂದಾಗ ಮಾತ್ರ ತಪ್ಪದೆ ಓದುತ್ತೇನೆ.

ಜಾಸ್ತಿ ಬಿಸಿ ಏರುವ ವಾದ ಅಂದರೆ ಆರು ವರ್ಷ ವ್ಯರ್ಥವಾಯಿತೋ ಇಲ್ಲವೋ ಅನ್ನುವುದು. ಈ ಆಲ್ಬಮ್ ಹೊರತಂದ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಗೆ ಬರುವ ಮುಂಚೆ ಅರೀತಾ ಕೊಲಂಬಿಯಾ ಕಂಪನಿಯಲ್ಲಿದ್ದಳು. ಹದಿನೆಂಟರ ವಯಸ್ಸಿಗೆ ಅಲ್ಲಿಗೆ ಸೇರಿದ್ದು. ಅವರು ಆಕೆಯಿಂದ ಜಾಸ್ ಹಾಡಿಸಿದರು, ನಾಟಕದ ಹಾಡು ಹಾಡಿಸಿದರು, ಹಿಂದೆ ಪಿಟೀಲುಗಳ ದೊಡ್ಡ ಮೇಳ ಕೂರಿಸಿದರು. ದೊಡ್ಡ ಹಿಟ್ ಮಾತ್ರ ಬರಲಿಲ್ಲ. ಕೊಲಂಬಿಯಾದವರಿಗೆ ಆಕೆ ಅರ್ಥವೇ ಆಗಲಿಲ್ಲ ಅನ್ನುವುದು ಹೆಚ್ಚಿನವರ ಮಾತು. ಈಚೆಗೆ ಇದಕ್ಕೆ ಎದುರು ಪಂಗಡವೂ ಹುಟ್ಟಿಕೊಂಡಿದೆ. ಆ ಆರು ವರ್ಷದ ಸಾಧನೆ ಇಲ್ಲದೆ 1967 ಎಲ್ಲಿಂದ ಬರುತ್ತಿತ್ತು ಅಂತ ಅವರು ಕೇಳುತ್ತಾರೆ. ಗಾಯಕಿ ಡೈನಾ ವಾಷಿಂಗ್ಟನ್ ನೆನಪಿಗೆ 1964ರಲ್ಲಿ ಮಾಡಿದ ಆಲ್ಬಮ್ ಕೇಳಿದರೆ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಒಳ್ಳೆಯ ಹಾಡುಗಾರಿಕೆಗೆ ಅಲ್ಲಿ ಕೊರತೆ ಇಲ್ಲ. ಆದರೆ ಹಾಡುತ್ತಿರುವವಳು ಬೇರೆ ಯಾರದೋ ಮನೆಯಲ್ಲಿ ಕೂತು ಹಾಡುತ್ತಿದ್ದಾಳೆ ಅನ್ನಿಸುವುದೂ ನಿಜ.

ಅಟ್ಲಾಂಟಿಕ್‌ನಲ್ಲಿ ಹಾಡು ಮಾಡಿಸುವ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಆಕೆಯನ್ನು ಕರೆದುಕೊಂಡು ಹೋದದ್ದು ಅಲಬಾಮಾದ ಮಸಲ್ ಶೋಲ್ಸ್ ಅನ್ನುವ ಸಣ್ಣ ಊರಿಗೆ. ರಿಕ್ ಹಾಲ್ ಅನ್ನುವವನ ಫೇಮ್ ಸ್ಟುಡಿಯೊ ಅಲ್ಲಿತ್ತು. ಈ ಊರಿನ ಕಥೆ ಕೇಳಿದರೆ ಸಾಕು, ಹಾಡಿನ ಮಾತು ಬಿಟ್ಟು ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ತಾರೀಖು ಜನವರಿ 24. ವಾದ್ಯ ಹಿಡಿದು ಕೂತವರೆಲ್ಲ ದಕ್ಷಿಣದ ಬಿಳಿಯ ಹುಡುಗರು. ಶೀರ್ಷಿಕೆಯ ಹಾಡನ್ನು ಎಲ್ಲಿಂದ ಹಿಡಿಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸ್ಪೂನರ್ ಓಲ್ಡ್‌ಹ್ಯಾಮ್ ಎಲೆಕ್ಟ್ರಿಕ್ ಪಿಯಾನೊ ಮೇಲೆ ಬೆರಳಾಡಿಸುತ್ತಾ ಒಂದು ಸಣ್ಣ ತುಣುಕು ನುಡಿಸಿದ. ಅಷ್ಟೇ, ದಾರಿ ಸಿಕ್ಕಿತು, ಹಾಡು ಮುಗಿಯಿತು. ಎರಡನೆಯ ಹಾಡು ಅರ್ಧ ಆಗುವ ಹೊತ್ತಿಗೆ ಹೊಟ್ಟೆಗೆ ಮದ್ಯ ಇಳಿದು ಅರೀತಾಳ ಗಂಡ ಟೆಡ್ ವೈಟ್‌ಗೂ ತುತ್ತೂರಿ ಊದುವ ಒಬ್ಬನಿಗೂ ಮಾತಿಗೆ ಮಾತು ಬೆಳೆಯಿತು. ರಾತ್ರಿ ಸಮಾಧಾನ ಮಾಡಲು ಹೋಟೆಲಿಗೆ ಹೋದ ರಿಕ್ ಹಾಲ್ ಆ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದು ಬಂದ. ಮರುದಿನ ಗಂಡ ಹೆಂಡತಿ ಊರು ಬಿಟ್ಟಿದ್ದರು.

ಕೈಯಲ್ಲಿದ್ದದ್ದು ಒಂದೂವರೆ ಹಾಡು. ವೆಕ್ಸ್ಲರ್ ಆ ಒಂದನ್ನೇ ರೇಡಿಯೊದವರಿಗೆ ಹಂಚಿಬಿಟ್ಟಿದ್ದ. ಕೇಳಿದವರು ಹುಚ್ಚೆದ್ದರು. ಅಂಗಡಿಯವರು ರೆಕಾರ್ಡ್ ಕೊಡಿ ಅಂದರೆ ಕೊಡುವುದು ಹೇಗೆ? ರೆಕಾರ್ಡಿನ ಹಿಂಬದಿಗೆ ಹಾಡೇ ಇಲ್ಲ! ಕೊನೆಗೆ ನ್ಯೂಯಾರ್ಕಿನಲ್ಲಿ ಅರೀತಾ ತಾನೇ ಪಿಯಾನೊ, ಆರ್ಗನ್ ನುಡಿಸಿ, ಅಕ್ಕತಂಗಿಯರ ದನಿ ಸೇರಿಸಿ ಆ ಅರ್ಧ ಹಾಡನ್ನು ಪೂರ್ತಿ ಮಾಡಿದಳು. ಅದೇ 'ಡು ರೈಟ್ ವುಮನ್, ಡು ರೈಟ್ ಮ್ಯಾನ್'. ಅಲಬಾಮಾದ ಹುಡುಗರನ್ನು ಕಿಂಗ್ ಕರ್ಟಿಸ್‌ನ ಆಲ್ಬಮ್ಮಿಗೆ ಬೇಕು ಅನ್ನುವ ನೆಪ ಹೇಳಿ ನ್ಯೂಯಾರ್ಕಿಗೆ ಕರೆಸಿಕೊಂಡರು. ಉಳಿದ ಹಾಡುಗಳೂ ಅಲ್ಲೇ ಆದವು.

ಕಥೆ ಇಷ್ಟು ಚೆನ್ನಾಗಿರುವುದರಿಂದಲೇ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ: ಇದು ಆ ಊರಿನ, ಆ ಹುಡುಗರ ಮಹಿಮೆ. ಇನ್ನು ಕೆಲವರಿಗೆ ಎಲ್ಲವೂ ವೆಕ್ಸ್ಲರ್ ಮಹಿಮೆ. ನಾನು ಇಲ್ಲಿ ಸ್ವಲ್ಪ ಹಟಮಾರಿ. ಆ ಹುಡುಗರು ಬೇರೆಯವರಿಗೂ ಸೊಗಸಾಗಿ ನುಡಿಸಿದ್ದಾರೆ, ವೆಕ್ಸ್ಲರ್ ಬೇರೆಯವರ ಹಾಡನ್ನೂ ಮಾಡಿಸಿದ್ದಾನೆ. ಅಲ್ಲೆಲ್ಲ ಇಲ್ಲದ್ದು ಇಲ್ಲಿ ಏನಿದೆ ಅಂದರೆ ಪಿಯಾನೊ ಮುಂದೆ ಕೂತ ಅರೀತಾ. ವೆಕ್ಸ್ಲರ್ ಕೂಡ ತಾನು ಮಾಡಿದ್ದು ಇಷ್ಟೇ ಅನ್ನುತ್ತಿದ್ದ: ಆಕೆಯನ್ನು ಚರ್ಚಿಗೆ ವಾಪಸ್ ಕರೆದುಕೊಂಡು ಹೋದೆ, ಪಿಯಾನೊ ಮುಂದೆ ಕೂರಿಸಿದೆ, ಆಕೆ ಆಕೆಯಾಗಿರಲು ಬಿಟ್ಟೆ. ಡೆಟ್ರಾಯಿಟಿನ ದೊಡ್ಡ ಹೆಸರಿನ ಪಾದ್ರಿಯ ಮಗಳು, ಹದಿನಾಲ್ಕಕ್ಕೇ ಅಪ್ಪನ ಚರ್ಚಿನಲ್ಲಿ ಹಾಡಿ ರೆಕಾರ್ಡ್ ಮಾಡಿದವಳು. ಈ ಆಲ್ಬಮ್ ಬಂದಾಗ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆ ವಯಸ್ಸಿಗೇ ಕೈಯಲ್ಲಿ ಹತ್ತು ವರ್ಷದ ಅನುಭವ.

ನಂಬಿಕೆ ಇಲ್ಲದಿದ್ದರೆ 'ಡಾಕ್ಟರ್ ಫೀಲ್‌ಗುಡ್' ಕೇಳಿ. ಎರಡನೆಯ ಬದಿಯ ಮೊದಲ ಹಾಡು. ಹಾಡಿನ ವಿಷಯ ಚರ್ಚಿಗೆ ಹೊಂದುವುದಲ್ಲ, ಚರ್ಚಿನ ಹಿರಿಯರು ಕೆಮ್ಮುವಂಥದ್ದು. ನುಡಿಸುವ ರೀತಿ ಮಾತ್ರ ಪೂರ್ತಿ ಭಾನುವಾರ ಬೆಳಗ್ಗೆಯದು. ಎಡಗೈ ನಿಧಾನವಾಗಿ ತೂಗುತ್ತದೆ. ಬಲಗೈ ಸಾಲಿನ ಕೊನೆಯಲ್ಲಿ ಬಂದು ಉತ್ತರ ಕೊಟ್ಟು ಹೋಗುತ್ತದೆ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಒಂದು ಪದವನ್ನು ಎಳೆಯಬೇಕು ಅಂತ ಪಕ್ಕದವನಿಗೆ ಕಣ್ಸನ್ನೆ ಮಾಡುವ ಅಗತ್ಯ ಇಲ್ಲ. ಹಾಡುವವಳೇ ನುಡಿಸುವವಳು. ದನಿ ನಿಂತ ಜಾಗದಲ್ಲಿ ಕೈ ನಿಲ್ಲುತ್ತದೆ. ಈ ಆಲ್ಬಮ್ಮಿನ ಅತ್ಯುತ್ತಮ ಮೂರೂವರೆ ನಿಮಿಷ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಬೆರಳು ಇಲ್ಲಿಗೇ ಹೋಗುತ್ತದೆ.

'ಲೇಡಿ ಸೋಲ್' ಪಂಗಡದವರಿಗೆ ಇದು ಇಷ್ಟವಾಗುವುದಿಲ್ಲ. ಅವರ ಪ್ರಕಾರ ಆಕೆಯ ನಿಜವಾದ ಶಿಖರ 1968ರ ಆ ಆಲ್ಬಮ್. 'ಚೈನ್ ಆಫ್ ಫೂಲ್ಸ್' ಅಲ್ಲೇ ಇದೆ, 'ನ್ಯಾಚುರಲ್ ವುಮನ್' ಅಲ್ಲೇ ಇದೆ. ಹೌದಪ್ಪ, ಅದು ಇನ್ನೂ ನಯವಾಗಿದೆ. ನನಗೆ ನಯಕ್ಕಿಂತ ಈ ಅವಸರ, ಅರ್ಧಕ್ಕೆ ನಿಂತು ಮತ್ತೆ ಹೊರಟ ಈ ಹಾಡುಗಳು ಜಾಸ್ತಿ ಇಷ್ಟ.

ಹನ್ನೊಂದರಲ್ಲಿ ಐದು ಹಾಡು ಬೇರೆಯವರು ಮುಂಚೆಯೇ ಮಾಡಿದ್ದು ಅಂತ ದೂರುವವರಿಗೆ ಉತ್ತರ ಸುಲಭ. ನಾಲ್ಕರ ರಚನೆಯಲ್ಲಿ ಆಕೆಯ ಕೈಯೂ ಇದೆ. ಎರವಲು ಹಾಡುಗಳನ್ನೂ ಎಲ್ಲರೂ ಆರಿಸಿದಂತೆ ಆರಿಸಿಲ್ಲ. ರೇ ಚಾರ್ಲ್ಸ್ ಹಾಡಿ ಮುದ್ರೆ ಒತ್ತಿದ 'ಡ್ರೌನ್ ಇನ್ ಮೈ ಓನ್ ಟಿಯರ್ಸ್' ಎತ್ತಿಕೊಳ್ಳಲು ಧೈರ್ಯ ಬೇಕು. 'ಗುಡ್ ಟೈಮ್ಸ್' ಮಾತ್ರ ಜಾಗ ತುಂಬಿಸಲು ಹಾಕಿದಂತಿದೆ. ಅದಕ್ಕೆ ನಾನು ವಾದ ಮಾಡುವುದಿಲ್ಲ.

ಉಳಿದದ್ದು ಕೊನೆಯ ಹಾಡು, 'ಎ ಚೇಂಜ್ ಈಸ್ ಗೊನ್ನಾ ಕಮ್'. ಬರೆದು ಹಾಡಿದ್ದು ಸ್ಯಾಮ್ ಕುಕ್. ಚರ್ಚಿನ ಹಾಡಿನಿಂದಲೇ ಮೇಲೆ ಬಂದವನು, ಅರೀತಾ ಮನೆಯವರಿಗೆ ಚೆನ್ನಾಗಿ ಗೊತ್ತಿದ್ದವನು. 1964ರ ಡಿಸೆಂಬರಿನಲ್ಲಿ ಗುಂಡೇಟಿಗೆ ಸತ್ತ. ಅರೀತಾ ನೇರವಾಗಿ ಹಾಡಿಗೆ ಇಳಿಯುವುದಿಲ್ಲ. ಹಳೆಯ ಗೆಳೆಯನೊಬ್ಬ ಹೀಗೆ ಹೇಳಿದ್ದ ಅನ್ನುವ ಅರ್ಥದ ಪೀಠಿಕೆಯನ್ನು ತಾನೇ ಸೇರಿಸಿ, ಆಮೇಲೆ ಅವನ ಮಾತು ಶುರು ಮಾಡುತ್ತಾಳೆ. ಅದನ್ನು ಕೇಳಿ ಕರಗದವರು ಕಡಿಮೆ. ಇದೇ ಮೂಲಕ್ಕಿಂತ ಮೇಲು ಅನ್ನುವವರೂ ಇದ್ದಾರೆ. ಇಷ್ಟು ಹೊತ್ತು ಅರೀತಾ ಪರ ವಕಾಲತ್ತು ಮಾಡಿದ ನಾನು ಇಲ್ಲಿ ಮಾತ್ರ ಕೈ ಎತ್ತುತ್ತೇನೆ. ಪೀಠಿಕೆ ಅರೀತಾಳದ್ದೇ ಇರಲಿ, ಹಾಡು ಸ್ಯಾಮ್ ಕುಕ್‌ದೇ ಇರಲಿ. ಓಟಿಸ್ ಬಿಟ್ಟುಕೊಟ್ಟ ಹಾಗೆ ಎಲ್ಲವನ್ನೂ ಬಿಟ್ಟುಕೊಡುವುದಕ್ಕೆ ಆಗುತ್ತಾ?