ಬರದಲ್ಲಿ ಬಡ್ತಿ

ಬರಗಾಲದಲ್ಲಿ ಬಡ್ತಿ ಪಡೆಯುವುದು ಹೇಗೆಂದು ಕಲಿಯಬೇಕಾದವರು ಬ್ರಿಟಿಷರ ಕಾಲದ ಭಾರತದಲ್ಲಿ ಅಧಿಕಾರಿಯಾಗಿದ್ದ ಸರ್ ರಿಚರ್ಡ್ ಟೆಂಪಲ್ ಸಾಹೇಬರ ಸೇವಾ ದಾಖಲೆಯನ್ನು ಓದಬೇಕು.

ಶುರುವಿನಲ್ಲಿ ಸಾಹೇಬರು ಎಡವಿದರು. 1874ರ ಬಿಹಾರದ ಬರಕ್ಕೆ ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿ ಹಂಚಿಬಿಟ್ಟರು. ಹಸಿವಿನಿಂದ ಸತ್ತವರ ಸರ್ಕಾರಿ ಲೆಕ್ಕ ಬರೀ 23. ಅಷ್ಟೇ ಆಗಿದ್ದರೆ ಹೇಗೋ ನಡೆದೀತು, ಅಕ್ಕಿ ಮಿಕ್ಕಿಬಿಟ್ಟಿತು! ದುಂದುಗಾರನೆಂಬ ಬಿರುದು ಲಂಡನ್ನಿನಿಂದ ಬಂತು. ಮಿಕ್ಕ ಅಕ್ಕಿಗೆ ಲೆಕ್ಕ ಕೇಳುವ ಖಜಾನೆಯಲ್ಲಿ ಉಳಿದ ಜೀವಕ್ಕೆ ಕಾಲಮ್ಮೇ ಇರುವುದಿಲ್ಲ.

ತಿದ್ದಿಕೊಳ್ಳಲು ಧಾತು-ಈಶ್ವರ ಸಂವತ್ಸರಗಳ (1876–78) ಬರ ಒದಗಿ ಬಂತು. ಬಳ್ಳಾರಿ, ಧಾರವಾಡ, ಕಲಾದಗಿ, ಮೈಸೂರು ಸೀಮೆಗಳು ಒಣಗಿ ನಿಂತಿದ್ದಾಗ, 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರಿಸಿದರು. ಅದೇ ತಿಂಗಳು ಟೆಂಪಲ್ಲರನ್ನು ಮದರಾಸಿಗೆ ಕಳಿಸಿದರು, ಖರ್ಚು ಇಳಿಸಲು.

ಇಳಿಸುವ ವಿಧಾನ ಸರಳ. ಬರ ಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆದು ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಎಂದರೆ ಸುಮಾರು 450 ಗ್ರಾಂ, ಮೇಲೆ ಉಪ್ಪು-ಮೆಣಸಿಗೆ ಚಿಲ್ಲರೆ ಕಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಹೊಟ್ಟೆ ತುಂಬ ಕೊಟ್ಟರೆ ಜನ ಕಾಮಗಾರಿ ಬಿಟ್ಟು ಮನೆಗೇ ಹೋಗುವುದಿಲ್ಲ ಎಂಬುದು ಅಧಿಕಾರಿಗಳ ಭಯ. ಆ ಭಯ ಪೂರ್ತಿ ನಿವಾರಣೆಯಾಯಿತು. ಎಷ್ಟೋ ಜನ ಕಾಮಗಾರಿಯಲ್ಲೂ ಉಳಿಯಲಿಲ್ಲ, ಮನೆಗೂ ಹೋಗಲಿಲ್ಲ.

ಇಂಥ ಕಡೆ ಡಾಕ್ಟರುಗಳು ಅಡ್ಡ ಬರುತ್ತಾರೆ, ಎಚ್ಚರ. ಮದರಾಸಿನ ಸ್ಯಾನಿಟರಿ ಕಮಿಷನರ್ (ಜನಾರೋಗ್ಯ ನೋಡಿಕೊಳ್ಳುವ ಅಧಿಕಾರಿ) ಕಾರ್ನಿಶ್, ದುಡಿಯುವ ಆಳಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ-ತರಕಾರಿ ಬೇಕೆಂದು ಹಟ ಹಿಡಿದರು. ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಸಿಗುತ್ತದೆಂದು ತೋರಿಸಿದರು. (ಬರಪೀಡಿತರು ಕಳ್ಳತನ ಮಾಡಿ ಒಳಗೆ ಹೋಗಬಹುದಿತ್ತಲ್ಲ, ಸುಮ್ಮನೆ ಕಲ್ಲು ಒಡೆದರು.) ಬೊಂಬಾಯಿ ಪ್ರಾಂತ್ಯದಲ್ಲಿ ಸಾವಿರಾರು ಕೂಲಿಗಳು ಕೆಲಸ ಬಿಟ್ಟು ಎದ್ದುಹೋದರು. ಕೊನೆಗೆ ಮದರಾಸು ಸರ್ಕಾರ ಚೌಕಾಸಿ ಕುದುರಿಸಿತು: ಒಂದೂಕಾಲು ಪೌಂಡ್ ಧಾನ್ಯ, ಒಂದೂವರೆ ಔನ್ಸ್ (ಸುಮಾರು 40 ಗ್ರಾಂ) ಬೇಳೆ. ಕಾರ್ನಿಶರ ಮಾತಿಗೆ ಅರ್ಧ ಮರ್ಯಾದೆ.

ಮೈಸೂರು ಸೀಮೆಯಲ್ಲಿ 1871ರಲ್ಲಿದ್ದ ಜನರಲ್ಲಿ 1881ರ ಗಣತಿಯ ಹೊತ್ತಿಗೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿದ್ದರು.

ಟೆಂಪಲ್ಲರು ಮಾತ್ರ ಏರಿದರು: 1877ರಲ್ಲೇ ಬೊಂಬಾಯಿ ಗವರ್ನರ್ ಗಿರಿ, ಮರುವರ್ಷ ದೊಡ್ಡ ಪದಕ. ಬಿಡುವಿನಲ್ಲಿ ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯುವ ಹವ್ಯಾಸವೂ ಇತ್ತು. 1880ರಲ್ಲಿ ಹುದ್ದೆ ಬಿಟ್ಟು ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿಗೆ ನಿಂತು ಸೋತರು. ಅಲ್ಲಿನ ಮತದಾರರನ್ನು ಒಂದು ಪೌಂಡಿನಲ್ಲಿ ಒಪ್ಪಿಸುವುದು ಕಷ್ಟ. 1885ರಲ್ಲಿ ಗೆದ್ದರು.