ಅರಮನೆಯಲ್ಲೂ ಎರವಲು ಒಡವೆ

ವರ್ಷದ ಕೊನೆಗೆ, ಹೆಚ್ಚಾಗಿ ಡಿಸೆಂಬರಿನಲ್ಲಿ, ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಯಭಾರಿಗಳಿಗಾಗಿ ಒಂದು ಸಂತೋಷಕೂಟ ನಡೆಯುತ್ತದೆ. ನೂರಕ್ಕೂ ಹೆಚ್ಚು ದೇಶಗಳವರು ಬರುತ್ತಾರೆ. ಬಂದವರು ದೇಶವಾರು ಸಾಲಾಗಿ ನಿಲ್ಲುತ್ತಾರೆ. ರಾಜಮನೆತನದವರು ಒಂದು ಹಜಾರದಿಂದ ಇನ್ನೊಂದಕ್ಕೆ ನಡೆಯುತ್ತಾ, ಕೈ ಕುಲುಕಿ, ಒಂದೆರಡು ಮಾತಾಡಿ ಮುಂದೆ ಹೋಗುತ್ತಾರೆ. ಅಲ್ಲಿ ಏನು ಮಾತಾಯಿತು ಅಂತ ಮರುದಿನ ಯಾರೂ ಕೇಳುವುದಿಲ್ಲ. ಯಾವ ಸೊಸೆ ಏನು ತೊಟ್ಟಿದ್ದಳು ಅನ್ನುವುದು ಮಾತ್ರ ಬೆಳಗಾಗುವುದರೊಳಗೆ ನಮ್ಮ ಫೋನಿನವರೆಗೆ ಬಂದಿರುತ್ತದೆ.

ಗಂಡಸರ ಬಗ್ಗೆ ಹೇಳಲು ಏನೂ ಇಲ್ಲ. ಬಾಲವಿರುವ ಕಪ್ಪು ಕೋಟು, ಬಿಳಿ ಬೋ ಟೈ, ಎದೆ ತುಂಬ ಪದಕ. ತಾತನ ಫೋಟೊ, ಮೊಮ್ಮಗನ ಫೋಟೊ ಪಕ್ಕಪಕ್ಕ ಇಟ್ಟರೆ ಬಟ್ಟೆ ನೋಡಿ ಕಾಲ ಹೇಳಲಾಗುವುದಿಲ್ಲ. ಅವರನ್ನು ಇಲ್ಲಿಗೇ ಬಿಡೋಣ.

ಹೆಂಗಸರ ವಿಷಯಕ್ಕೆ ಬಂದರೆ ತಲೆಯಿಂದಲೇ ಶುರು ಮಾಡಬೇಕು. ಟಿಯಾರಾ ಅನ್ನುವ ಆ ವಜ್ರದ ಅರ್ಧ ಕಿರೀಟ ಇಲ್ಲದೆ ಈ ಸಂಜೆ ಸಂಜೆಯೇ ಅಲ್ಲ. ಹಗಲು ಹೊತ್ತು ಅದನ್ನು ಹಾಕುವ ರೂಢಿ ಬ್ರಿಟನ್ನಿನಲ್ಲಿ ಇಲ್ಲ. ಮದುವೆ ದಿನದ ವಧುವಿಗೆ ಮಾತ್ರ ರಿಯಾಯಿತಿ. ಮದುವೆಯಾಗದ ಹುಡುಗಿಯರು ಹಾಕುವಂತಿಲ್ಲ ಅನ್ನುವ ಹಳೆಯ ಸಂಪ್ರದಾಯವೂ ಒಂದಿದೆ.

2015ರ ಡಿಸೆಂಬರಿನ ಆ ಸಂಜೆಗೆ ರಾಜಕುಮಾರ ವಿಲಿಯಂ ಹೆಂಡತಿ ಕೇಟ್ ಕಾರಿನಲ್ಲಿ ಹೊರಟಾಗ ಅವರ ತಲೆ ಮೇಲಿದ್ದದ್ದು ಲವರ್ಸ್ ನಾಟ್ ಅನ್ನುವ ಟಿಯಾರಾ. ವಜ್ರದ ಗಂಟುಗಳು, ಒಂದೊಂದು ಗಂಟಿನ ಕೆಳಗೂ ತೂಗಾಡುವ ಒಂದೊಂದು ಮುತ್ತು. ತಲೆ ಅಲ್ಲಾಡಿಸಿದರೆ ಮುತ್ತೂ ಅಲ್ಲಾಡುತ್ತದೆ. ಕಾರಿನ ಕಿಟಕಿ ಗಾಜಿನ ಆಚೆಯಿಂದ ತೆಗೆದ ಮಬ್ಬು ಫೋಟೊ ಅದು. ಅಷ್ಟೇ ಸಾಕಾಯಿತು, ಒಡವೆಯ ಹುಚ್ಚಿರುವವರೆಲ್ಲ ಒಂದೇ ನೋಟಕ್ಕೆ ಗುರುತು ಹಿಡಿದರು. ಯಾಕೆಂದರೆ ಅದು ಅತ್ತೆ ಡಯಾನಾ ಹಾಕುತ್ತಿದ್ದ ಟಿಯಾರಾ.

ಹಾಗಂತ ಅದು ಡಯಾನಾ ಅವರದ್ದೂ ಅಲ್ಲ. 1981ರಲ್ಲಿ ಮದುವೆಯಾದಾಗ ಅವರ ಅತ್ತೆ ಎಲಿಜಬೆತ್ ರಾಣಿ ಹಾಕಿಕೊಳ್ಳಲು ಕೊಟ್ಟಿದ್ದರು. 1996ರಲ್ಲಿ ವಿಚ್ಛೇದನವಾದ ಮೇಲೆ ಟಿಯಾರಾ ಅರಮನೆಗೆ ವಾಪಸ್. ಎಲಿಜಬೆತ್‌ಗೆ ಬಂದದ್ದು ಅವರ ಅಜ್ಜಿ ಮೇರಿ ರಾಣಿಯಿಂದ. ಮೇರಿ ರಾಣಿಯ ಕಥೆ ಇನ್ನೂ ಚೆನ್ನಾಗಿದೆ. ಅವರ ಅಮ್ಮನ ತಾಯಿಯ ಹತ್ತಿರ ಇಂಥದ್ದೇ ಒಂದು ಟಿಯಾರಾ ಇತ್ತು. ಅದು ದೊಡ್ಡಮ್ಮನ ಪಾಲಿಗೆ ಹೋಯಿತು. ಮೇರಿ ಸುಮ್ಮನೆ ಕೂರಲಿಲ್ಲ. ರಾಣಿಯಾದ ಮೇಲೆ ತಮ್ಮ ಬೇರೆ ಒಡವೆಗಳ ಮುತ್ತು, ವಜ್ರ ಬಿಚ್ಚಿಸಿ, ಗ್ಯಾರಾರ್ಡ್ ಅನ್ನುವ ಒಡವೆಯಂಗಡಿಯಲ್ಲಿ ಅದರಂಥದ್ದೇ ಮಾಡಿಸಿಕೊಂಡರು. ಮೊದಲನೇ ಮಹಾಯುದ್ಧ ಶುರುವಾಗುವ ಹೊತ್ತಿನ ಮಾತು. ದೊಡ್ಡಮ್ಮನಿಗೆ ಹೋದ ಒಡವೆಯ ಕೊರಗು ಅರಮನೆಯಲ್ಲೂ ಇರುತ್ತದೆ ಅಂತಾಯಿತು.

ಹೀಗೆ ಬಿಡಿಸುತ್ತಾ ಹೋದರೆ ಆ ಹಜಾರದಲ್ಲಿ ಮಿಂಚುವ ರಾಜಮನೆಯ ಹೆಣ್ಣುಮಕ್ಕಳ ಮೈಮೇಲೆ ಅವರದ್ದು ಅನ್ನುವಂಥದ್ದು ಸಿಗುವುದೇ ಕಷ್ಟ. ಕೇಟ್ 2013ರಲ್ಲೂ 2022ರಲ್ಲೂ ಇದೇ ಸಂತೋಷಕೂಟಕ್ಕೆ ಹಾಕಿದ್ದು ಲೋಟಸ್ ಫ್ಲವರ್ ಟಿಯಾರಾ. ಎಲಿಜಬೆತ್ ರಾಣಿಯ ತಾಯಿಗೆ 1923ರಲ್ಲಿ ಮದುವೆಯಾದಾಗ ಗಂಡ ಕೊಟ್ಟ ಕಂಠಹಾರ ಅದು. ಅವರು ಅದನ್ನು ಒಡೆಸಿ ಟಿಯಾರಾ ಮಾಡಿಸಿದರು. ಆಮೇಲೆ ಕಿರಿಮಗಳು ಮಾರ್ಗರೆಟ್ ಹಾಕಿದರು, ಮಾರ್ಗರೆಟ್ ಸೊಸೆ ತನ್ನ ಮದುವೆಗೆ ಹಾಕಿದರು, ಈಗ ಕೇಟ್. ನಮ್ಮಲ್ಲಿ ಮದುವೆ ಮನೆಗೆ ಹೊರಟವಳು ಚಿಕ್ಕಮ್ಮನ ಲಾಕರಿನ ಕಾಸಿನಸರ, ಅತ್ತಿಗೆಯ ಜುಮುಕಿ ಹಾಕಿಕೊಂಡು, "ಸೋಮವಾರ ವಾಪಸ್ ಕೊಡಬೇಕು" ಅಂತ ಅಲ್ಲಲ್ಲಿ ಮುಟ್ಟಿ ನೋಡಿಕೊಳ್ಳುವುದಿಲ್ಲವೇ, ಥೇಟ್ ಹಾಗೆ. ಅಲ್ಲಿ ಲಾಕರು ಸ್ವಲ್ಪ ದೊಡ್ಡದು ಅಷ್ಟೇ.

ಮುಟ್ಟಿ ನೋಡಿಕೊಳ್ಳಬೇಕಾಗಿ ಬರದ ಹಾಗೆ ಅದನ್ನು ತಲೆಗೆ ಕೂರಿಸುವುದೇ ಒಂದು ವಿದ್ಯೆ. ಟಿಯಾರಾದ ಕೆಳಗಿನ ಪಟ್ಟಿಗೆ ಕೂದಲಿನ ಬಣ್ಣದ್ದೇ ಮಖಮಲ್ ರಿಬ್ಬನ್ ಸುತ್ತಿರುತ್ತಾರೆ. ಲೋಹ ಚುಚ್ಚುವುದಿಲ್ಲ, ಜಾರುವುದೂ ಇಲ್ಲ, ದೂರದಿಂದ ರಿಬ್ಬನ್ ಕಾಣುವುದೂ ಇಲ್ಲ. ನೆತ್ತಿಯ ಹತ್ತಿರ ಸಣ್ಣದೊಂದು ಜಡೆ ಹೆಣೆದು, ಟಿಯಾರಾವನ್ನು ಸೂಜಿ ದಾರದಲ್ಲಿ ಆ ಜಡೆಗೇ ಹೊಲಿದುಬಿಡುವುದೂ ಉಂಟು. 2011ರಲ್ಲಿ ಕೇಟ್ ಮದುವೆಗೆ ಮುಂಚೆ ಕೂದಲು ಕಟ್ಟುವವರು ಅಂಗಡಿಯಿಂದ ಕೆಲವೇ ಪೌಂಡಿನ ಅಗ್ಗದ ಟಿಯಾರಾ ತಂದು ಈ ಹೊಲಿಗೆ ಅಭ್ಯಾಸ ಮಾಡಿದ್ದರಂತೆ. ಇಷ್ಟೆಲ್ಲ ಮಾಡಿದರೂ ಭಾರ ಭಾರವೇ. ಲವರ್ಸ್ ನಾಟ್ ಹಾಕಿದರೆ ಡಯಾನಾಗೆ ತಲೆನೋವು ಬರುತ್ತಿತ್ತು ಅಂತ ಹೇಳುತ್ತಾರೆ. ತಲೆ ಸಿಡಿಯುತ್ತಿದ್ದರೂ ನೂರು ದೇಶದವರ ಮುಂದೆ ನಗಬೇಕು. ಮೂರು ಮೊಳ ಮಲ್ಲಿಗೆ ಮುಡಿದೇ ಕತ್ತು ನೋವು ಅನ್ನುವವಳು ನಾನು.

ತಲೆಯಿಂದ ಭುಜಕ್ಕೆ ಇಳಿದರೆ ಎಡಭುಜದ ಮೇಲೆ ರೇಷ್ಮೆ ರಿಬ್ಬನ್ನಿನ ಒಂದು ಬೋ, ಅದರ ಕೆಳಗೆ ವಜ್ರದ ಅಂಚಿನ ಪುಟ್ಟ ಚಿತ್ರ ಕಾಣುತ್ತದೆ. ಅದರ ಹೆಸರು ರಾಯಲ್ ಫ್ಯಾಮಿಲಿ ಆರ್ಡರ್. ಮನೆಯ ಹೆಣ್ಣುಮಕ್ಕಳಿಗೆ, ಸೊಸೆಯರಿಗೆ ಮಾತ್ರ, ಅದೂ ಪಟ್ಟದಲ್ಲಿರುವವರ ಮನಸ್ಸಿಗೆ ಬಂದಾಗ ಸಿಗುವಂಥದ್ದು. ಚಿತ್ರ ಯಾರದ್ದು ಅಂದರೆ ಕೊಟ್ಟವರದ್ದೇ. ಎಲಿಜಬೆತ್ ಕೊಟ್ಟದ್ದಕ್ಕೆ ಹಳದಿ ರಿಬ್ಬನ್, ಚಾರ್ಲ್ಸ್ ಕೊಟ್ಟದ್ದಕ್ಕೆ ತಿಳಿನೀಲಿ. ಮೊದಲು ದಂತದ ಮೇಲೆ ಬಿಡಿಸುತ್ತಿದ್ದರು. ಈಗ ಆನೆಯ ಗೊಡವೆ ಬೇಡ ಅಂತ ಪಾಲಿಮಿನ್ ಅನ್ನುವ ಕೃತಕ ವಸ್ತುವಿನ ಮೇಲೆ ಬಿಡಿಸುತ್ತಾರೆ. 2024ರ ಜೂನಿನಲ್ಲಿ ಜಪಾನಿನ ದೊರೆಗಳು ಬಂದಾಗ ಕಮಿಲಾ ರಾಣಿ ಗಂಡನ ಚಿತ್ರವನ್ನು ಮೊದಲ ಸಲ ಹಾಗೆ ಧರಿಸಿ ಬಂದರು. ಮಾವನ ಫೋಟೊ ಗೋಡೆಗೆ ಹಾಕುವುದು ನಮಗೆ ಗೊತ್ತು. ಭುಜದ ಮೇಲೆ ಹೊತ್ತು ತಿರುಗುವ ಪದ್ಧತಿ ಇನ್ನೂ ಇಲ್ಲಿಗೆ ಬಂದಿಲ್ಲ, ಪುಣ್ಯ.

ಇನ್ನು ಬಟ್ಟೆ. ಅದಾದರೂ ಸ್ವಂತ ಇಷ್ಟದ್ದೇ? ಅದೂ ಪೂರ್ತಿ ಅಲ್ಲ. ಎದುರಿಗಿರುವ ದೇಶಕ್ಕೆ ಅರ್ಧ ಬಿಟ್ಟುಕೊಡಬೇಕು. ಎಲಿಜಬೆತ್ ರಾಣಿಗೆ ಇದು ಕರಗತವಾಗಿತ್ತು. 1961ರಲ್ಲಿ ಪಾಕಿಸ್ತಾನಕ್ಕೆ ಹೋದಾಗ ಅಲ್ಲಿನ ಔತಣಕ್ಕೆ ಬಿಳಿ ಸ್ಯಾಟಿನ್ ಗೌನು, ಹಿಂದೆ ಬೆನ್ನಿನಿಂದ ನೆಲದವರೆಗೆ ಇಳಿಬಿದ್ದ ಪಚ್ಚೆ ಹಸಿರು. ಆ ದೇಶದ ಬಾವುಟವನ್ನೇ ಹೊಲಿದುಕೊಂಡ ಹಾಗಾಯಿತು. ಆದರೆ ಅವರು ನಿಜವಾಗಿ ಕಷ್ಟಪಟ್ಟದ್ದು 2011ರಲ್ಲಿ, ಐರ್ಲೆಂಡಿನ ಡಬ್ಲಿನ್ನಿಗೆ ಹೋದಾಗ. ನೂರು ವರ್ಷದಿಂದ ಬ್ರಿಟನ್ನಿನ ದೊರೆ ಯಾರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನಡುವೆ ಎಷ್ಟು ರಕ್ತ ಹರಿದಿತ್ತು ಅಂತ ಎರಡೂ ದೇಶದವರಿಗೆ ಗೊತ್ತಿತ್ತು. ವಿಮಾನದಿಂದ ಇಳಿಯುವಾಗಲೇ ಹಸಿರು ಕೋಟು. ಡಬ್ಲಿನ್ ಕೋಟೆಯ ಔತಣಕ್ಕೆ ಬಿಳಿ ಗೌನು, ಅದರ ಮೇಲೆ ಕೈಯಲ್ಲಿ ಹೊಲಿದ 2,091 ರೇಷ್ಮೆಯ ಶ್ಯಾಮ್‌ರಾಕ್ ಎಲೆಗಳು. ಮೂರೆಲೆಯ ಆ ಪುಟ್ಟ ಸೊಪ್ಪು ಐರ್ಲೆಂಡಿನ ಗುರುತು. ಜೊತೆಗೆ ಅವರ ಇನ್ನೊಂದು ಗುರುತಾದ ಹಾರ್ಪ್ ವಾದ್ಯದ ಆಕಾರದ ಬ್ರೋಚು. ಆಮೇಲೆ ಎದ್ದು ನಿಂತು ಭಾಷಣವನ್ನು ಐರಿಷ್ ಭಾಷೆಯಲ್ಲೇ ಶುರು ಮಾಡಿದರು. ಪಕ್ಕದಲ್ಲಿದ್ದ ಅಧ್ಯಕ್ಷೆ ಮೇರಿ ಮೆಕಲೀಸ್ ಬಾಯಿಂದ "ವಾವ್" ಹೊರಟದ್ದನ್ನು ಕ್ಯಾಮೆರಾ ಹಿಡಿಯಿತು. ಮಾತಿಗೆ ಆಮೇಲೆ ಬೆಲೆ ಬಂತು. ಬಾಗಿಲು ತೆಗೆದದ್ದು ಸೂಜಿ ದಾರ ಅಂತಲೇ ನನ್ನ ಅನಿಸಿಕೆ.

ಜಪಾನಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಹೊಸ ವರ್ಷದ ದಿನ ಹಗಲು ಹೊತ್ತಿನಲ್ಲೇ ರಾಯಭಾರಿಗಳು ಅರಮನೆಗೆ ಬಂದು ಶುಭ ಕೋರುತ್ತಾರೆ, ರಾಜಮನೆಯ ಹೆಂಗಸರು ಹಗಲಲ್ಲೇ ಟಿಯಾರಾ ಹಾಕಿ ನಿಲ್ಲುತ್ತಾರೆ. ಗೌನಿಗೆ ಕುತ್ತಿಗೆ ಮುಚ್ಚುವ ಕಾಲರು, ಉದ್ದ ತೋಳು. ಎರವಲು ಮಾತ್ರ ಅಲ್ಲೂ ತಪ್ಪಿಲ್ಲ. ಸಾಮ್ರಾಜ್ಞಿಯ ಟಿಯಾರಾ ನೂರು ವರ್ಷಕ್ಕೂ ಹಿಂದಿನ ಮೇಜಿ ಅನ್ನುವ ದೊರೆಯ ಕಾಲದ್ದು, ಪಟ್ಟಕ್ಕೆ ಬಂದವರ ತಲೆಗೆ ಸಾಗುತ್ತಾ ಬಂದಿದೆ. ರಾಜಕುಮಾರಿ ಐಕೊಗೆ 2021ರಲ್ಲಿ ಇಪ್ಪತ್ತು ತುಂಬಿದಾಗ ಪದ್ಧತಿಯಂತೆ ಹೊಸ ಟಿಯಾರಾ ಮಾಡಿಸಬೇಕಿತ್ತು. ಕೊರೊನಾ ಕಾಲ, ಜನ ಕಷ್ಟದಲ್ಲಿದ್ದಾರೆ, ಈಗ ಬೇಡ ಅಂತ ಸೋದರತ್ತೆಯದ್ದನ್ನೇ ತಂದು ಹಾಕಿಕೊಂಡರು. ಆ ಸೋದರತ್ತೆ ಸಾಮಾನ್ಯರ ಮನೆಗೆ ಮದುವೆಯಾಗಿ ಹೋಗಿ, ರಾಜಕುಮಾರಿ ಪಟ್ಟ ಬಿಟ್ಟವರು. ಒಡವೆ ಇತ್ತು, ಹಾಕಿಕೊಂಡು ಹೋಗುವ ಅರಮನೆ ಸಮಾರಂಭ ಇರಲಿಲ್ಲ.

"ಹಾಕಿಕೊಳ್ಳೋಕೆ ಒಂದೂ ಇಲ್ಲ" ಅನ್ನುವ ಮಾತನ್ನು ಪೂರಾ ನ್ಯಾಯವಾಗಿ ಹೇಳಬಹುದಾಗಿದ್ದ ರಾಣಿ ಒಬ್ಬರಿದ್ದರು, ಥಾಯ್ಲೆಂಡಿನ ಸಿರಿಕಿತ್. 1960ರಲ್ಲಿ ಗಂಡನ ಜೊತೆ ಅಮೆರಿಕ, ಯುರೋಪು ಸುತ್ತಲು ಹೊರಡಬೇಕಿತ್ತು. ನಮ್ಮ ಸೀರೆಯ ಹಾಗೆ, ಇದು ನಮ್ಮ ದೇಶದ ಉಡುಪು ಅಂತ ಒಂದನ್ನು ತೋರಿಸುವ ಹಾಗಿರಲಿಲ್ಲ. ಥಾಯ್ ಅರಮನೆಯ ಹೆಂಗಸರು ಎಷ್ಟೋ ಕಾಲದಿಂದ ಪಶ್ಚಿಮದ ಬಟ್ಟೆಗೆ ಒಗ್ಗಿಹೋಗಿದ್ದರು. ರಾಣಿ ತಿಳಿದವರನ್ನು ಕೂರಿಸಿ, ಹಳೆಯ ಕಾಲದ ರಾಣಿಯರ ಚಿತ್ರಗಳನ್ನು ಹುಡುಕಿಸಿ, ಹೊಸದಾಗಿ ಉಡುಪುಗಳನ್ನು ರೂಪಿಸಿದರು. ಅವೇ ಮುಂದೆ ಎಂಟು ಬಗೆಗಳಾಗಿ ನಿಂತವು. ಚಿತ್ರಲದಾ, ಚಕ್ರಿ, ದುಸಿತ್ ಅಂತ ಅರಮನೆ, ದರ್ಬಾರು ಹಾಲುಗಳ ಹೆಸರನ್ನೇ ಇಟ್ಟರು. ಹಗಲಿನ ಸಮಾರಂಭಕ್ಕೆ ಒಂದು, ರಾತ್ರಿ ಔತಣಕ್ಕೆ ಇನ್ನೊಂದು. ಪ್ಯಾರಿಸ್ಸಿನ ಪಿಯರ್ ಬಾಲ್ಮೇನ್ ಕೂಡ ಅವರಿಗೆ ಬಟ್ಟೆ ಹೊಲಿದುಕೊಟ್ಟರು. ಈಗ ಬ್ಯಾಂಕಾಕಿನ ಮದುಮಗಳು ಒಂದು ಭುಜದ ಮೇಲೆ ಸೆರಗು ಬಿಟ್ಟು ನಿಲ್ಲುತ್ತಾಳಲ್ಲ, ಆ ಚಕ್ರಿ ಉಡುಪು ಹೀಗೆ ರಾಯಭಾರದ ಗಡಿಬಿಡಿಯಲ್ಲಿ ಹುಟ್ಟಿದ್ದು. ರಾಣಿಯ ಅಲಂಕಾರದಿಂದ ಊರಿಗೇ ಏನಾದರೂ ದಕ್ಕಿದ ಉದಾಹರಣೆ ನನಗೆ ಇದೊಂದೇ ನೆನಪಾಗುವುದು.

ಬಕಿಂಗ್‌ಹ್ಯಾಮಿನ ಆಮಂತ್ರಣದಲ್ಲಿ ಅತಿಥಿಗಳಿಗೆ ಒಂದು ಸೌಲಭ್ಯವಿದೆ. ಬಾಲದ ಕೋಟು, ಗೌನು ಬೇಡವಾದರೆ ನಿಮ್ಮ ದೇಶದ ಉಡುಪಿನಲ್ಲಿ ಬನ್ನಿ ಅನ್ನುತ್ತಾರೆ. ಹಾಗಾಗಿ ಸೀರೆಯವರು ಸೀರೆಯಲ್ಲೇ ಹೋಗಬಹುದು. ಟಿಯಾರಾ ಹೊಲಿಸಿಕೊಳ್ಳುವ ಕಾಟವಿಲ್ಲ. ಪಿನ್ನು ಗಟ್ಟಿಯಾಗಿದ್ದರೆ ಸಾಕು. ಹಾಕಿರುವ ಸರವೂ ಬಹುಶಃ ಅವರ ಸ್ವಂತದ್ದೇ ಇರುತ್ತದೆ.

ಸರ ಅಂದಾಗ ನೆನಪಾಯಿತು. 2019ರ ಡಿಸೆಂಬರಿನಲ್ಲಿ ಕೇಟ್ ಕಡುನೀಲಿ ಮಖಮಲ್ ಗೌನು ತೊಟ್ಟಿದ್ದರು. ತಲೆಗೆ ಅದೇ ಲವರ್ಸ್ ನಾಟ್. ಕುತ್ತಿಗೆಯಲ್ಲಿ ಮಾತ್ರ ಬೇರೆ ಥರದ ವಜ್ರದ ಹಾರ. ಅದಕ್ಕೆ ನಿಜಾಮ್ ಆಫ್ ಹೈದರಾಬಾದ್ ನೆಕ್‌ಲೇಸ್ ಅಂತಲೇ ಹೆಸರು. 1947ರ ನವೆಂಬರ್ 20ರಂದು ಎಲಿಜಬೆತ್ ಮದುವೆಯಾದಾಗ ಏಳನೇ ನಿಜಾಮ ಉಸ್ಮಾನ್ ಅಲಿ ಖಾನ್ ಕೊಟ್ಟ ಮುಯ್ಯಿ ಅದು. ಲಂಡನ್ನಿನ ಕಾರ್ಟಿಯರ್ ಅನ್ನುವ ಒಡವೆಯಂಗಡಿಗೆ ಹೇಳಿಕಳಿಸಿ, ಹುಡುಗಿ ಯಾವುದು ಬೇಕಾದರೂ ಆರಿಸಿಕೊಳ್ಳಲಿ ಅಂದುಬಿಟ್ಟರು. ಹುಡುಗಿ ಒಂದು ಟಿಯಾರಾ, ಒಂದು ಹಾರ ಆರಿಸಿಕೊಂಡರು. ಟಿಯಾರಾ ಈಗಿಲ್ಲ. 1973ರಲ್ಲಿ ಅದನ್ನು ಒಡೆಸಿ, ಆ ವಜ್ರಗಳ ಜೊತೆ ಬರ್ಮಾದ ಜನ ಮದುವೆಗೆ ಕೊಟ್ಟಿದ್ದ 96 ಕೆಂಪು ಹರಳುಗಳನ್ನು ಸೇರಿಸಿ ಬೇರೆ ಟಿಯಾರಾ ಮಾಡಿಸಿದರು. ಹಾರ ಹಾಗೇ ಉಳಿದಿದೆ.

ಆಗ ಪ್ರಪಂಚದಲ್ಲೇ ದೊಡ್ಡ ಶ್ರೀಮಂತ ಅಂತ ಹೆಸರಾಗಿದ್ದ ಈ ನಿಜಾಮರು ತಾವು ತೊಡುತ್ತಿದ್ದದ್ದು ಮಾಸಲು ಶೇರವಾನಿ, ಹಳೇ ಟೋಪಿ ಅಂತ ಹೇಳುತ್ತಾರೆ. 184 ಕ್ಯಾರೆಟ್ ದಾಟಿದ ಜೇಕಬ್ ವಜ್ರ ಮೇಜಿನ ಮೇಲೆ ಕಾಗದ ಗಾಳಿಗೆ ಹಾರಿಹೋಗದಂತೆ ಇಡಲು ಬಳಕೆಯಾಗುತ್ತಿತ್ತಂತೆ. ಅಂಥ ಜುಗ್ಗ ಮನುಷ್ಯ ಮುಯ್ಯಿಗೆ ಮಾತ್ರ ಅಂಗಡಿಯನ್ನೇ ಬಿಟ್ಟುಕೊಟ್ಟದ್ದು ಸುಮ್ನೆ ಅಲ್ಲ ಅಂತ ನನಗೆ ಅನುಮಾನ. ದಿನಾಂಕ ನೋಡಿ. ದೇಶ ಸ್ವತಂತ್ರವಾಗಿ ಮೂರು ತಿಂಗಳು ಕಳೆದಿತ್ತು, ನಿಜಾಮರು ಭಾರತಕ್ಕೆ ಸೇರುವುದಿಲ್ಲ ಅಂತ ಹಟ ಹಿಡಿದಿದ್ದರು. ಆ ಮದುವೆಯಾದ ಒಂಬತ್ತನೇ ದಿನ, ನವೆಂಬರ್ 29ಕ್ಕೆ, ದಿಲ್ಲಿಯ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಲಂಡನ್ನಿನವರ ಕೃಪೆ ಒಂಚೂರು ಇರಲಿ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ವಜ್ರ ಅಷ್ಟೇನೂ ಕೆಲಸಕ್ಕೆ ಬರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ಹೈದರಾಬಾದ್ ಸೇರಿಹೋಯಿತು. ಹೈದರಾಬಾದ್ ಅಂದರೆ ಊರೊಂದೇ ಅಲ್ಲ. ಕಲಬುರಗಿ, ಬೀದರ್, ರಾಯಚೂರು ಅವರ ಸಂಸ್ಥಾನದ್ದೇ ಜಿಲ್ಲೆಗಳು. ಅಲ್ಲಿನವರು ಇವತ್ತಿಗೂ ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸುತ್ತಾರೆ.

ಕೇಟ್ ಹಾರ ಹಾಕಿದ ಆ ಫೋಟೊವನ್ನು ಕಲಬುರಗಿಯ ಗೆಳತಿಗೆ ಕಳಿಸಿ, ಇದು ನಿಮ್ಮ ನಿಜಾಮರದ್ದು ಕಣೇ ಅಂದೆ. ಅವಳ ಉತ್ತರ ತಕ್ಷಣ ಬಂತು. "ನಿಜಾಮಂದು ಎಲ್ಲಿಂದ ಬಂತು? ಅದರಾಗ ನಮ್ಮ ಮುತ್ಯಾನ ಕಂದಾಯ ಎಷ್ಟು ಅದ ಅಂತ ಲೆಕ್ಕ ತಗಿ ಮೊದ್ಲ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜು. "ಆದ್ರ ಆ ನೀಲಿ ಮಖಮಲ್ಲಿನ ಮ್ಯಾಲ ಭಾಳ ಛಂದ ಕಾಣ್ತದ ಬಿಡು. ನನ್ನ ಹತ್ರ ಅಂಥದ್ದೇ ಬಣ್ಣದ ಇಳಕಲ್ ಸೀರಿ ಅದ."