ಮೈಯೊಳಗಿನ ಪೆಪ್ಟೈಡ್‌ಗಳನ್ನೇ ಮದ್ದು ಮಾಡೋಣವೇ? – ಪರ, ವಿರೋಧ

ಊಟ ಮಾಡುವಾಗ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡುಬಿಡುತ್ತೇವೆ. ನಾಲಿಗೆಗೆ ರಕ್ತದ ರುಚಿ ಹತ್ತುತ್ತದೆ. ಬಾಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳಿವೆ. ಹಸಿ ಗಾಯ ಅವುಗಳ ನಡುವೆಯೇ ತೆರೆದುಕೊಂಡಿರುತ್ತದೆ. ಆದರೂ ಕೀವು ಕಟ್ಟುವುದು ಅಪರೂಪ. ಕೆಲವೇ ದಿನಗಳಲ್ಲಿ ಆ ಜಾಗ ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತದೆ.

ಇದಕ್ಕೆ ಕಾರಣ ಹಲವು. ಅದರಲ್ಲಿ ಒಂದು, ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪೆಪ್ಟೈಡ್‌ಗಳು. ಪೆಪ್ಟೈಡ್ ಅಂದರೆ ಪ್ರೋಟೀನಿನ ತುಂಡು ಸರಪಳಿ. ಇವುಗಳಲ್ಲಿ ಹೆಚ್ಚಿನವು ಐವತ್ತಕ್ಕಿಂತ ಕಡಿಮೆ ಅಮೈನೋ ಆಮ್ಲಗಳವು. ಜೊಲ್ಲಿನಲ್ಲಿ ಹಿಸ್ಟಾಟಿನ್, ಬೆವರಿನಲ್ಲಿ ಡರ್ಮ್‌ಸಿಡಿನ್, ಚರ್ಮದಲ್ಲೂ ಕರುಳಿನಲ್ಲೂ ಬಿಳಿ ರಕ್ತಕಣಗಳಲ್ಲೂ ಡಿಫೆನ್ಸಿನ್‌ಗಳಿವೆ. ಎಲ್‌ಎಲ್-37 ಅನ್ನುವುದು ಮನುಷ್ಯರಿಗಿರುವ ಒಂದೇ ಒಂದು ಕ್ಯಾಥೆಲಿಸಿಡಿನ್ (ಇಂಥ ಪೆಪ್ಟೈಡ್‌ಗಳ ಇನ್ನೊಂದು ಬಳಗ). ಅದರಲ್ಲಿ 37 ಅಮೈನೋ ಆಮ್ಲಗಳಿವೆ, ಮೊದಲೆರಡು ಲ್ಯೂಸಿನ್, ಅದರ ಗುರುತಕ್ಷರ ‘ಎಲ್’. ಹೆಸರು ಬಂದದ್ದು ಅದರಿಂದಲೇ.

ಆ್ಯಂಟಿಬಯಾಟಿಕ್‌ಗಳು ಸೋಲುತ್ತಿರುವಾಗ ಇವನ್ನೇ, ಅಥವಾ ಇವುಗಳ ನಕಲನ್ನು, ಕಾರ್ಖಾನೆಯಲ್ಲಿ ತಯಾರಿಸಿ ಔಷಧಿಯಾಗಿ ಎಲ್ಲೆಡೆ ಬಳಸೋಣವೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆ ಜಾಸ್ತಿ ವಾಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮೊದಲನೆಯದನ್ನೂ ಸುಮ್ನೆ ಬರೆದದ್ದಲ್ಲ.

ಪರ: ಕೈಯಲ್ಲಿರುವ ಆಯುಧವನ್ನು ಬಳಸೋಣ

2019ರ ಒಂದೇ ವರ್ಷದಲ್ಲಿ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ಅಂದಾಜು. ಹೊಸ ಬಗೆಯ ಆ್ಯಂಟಿಬಯಾಟಿಕ್‌ಗಳು ಬರುವುದು ತೀರಾ ಕಡಿಮೆಯಾಗಿದೆ. ಹೀಗಿರುವಾಗ, ಕೋಟ್ಯಂತರ ವರ್ಷಗಳಿಂದ ಗಿಡ, ಹುಳ, ಕಪ್ಪೆ, ಮನುಷ್ಯ ಎಲ್ಲರನ್ನೂ ಕಾಯ್ದುಕೊಂಡು ಬಂದ ಆಯುಧವನ್ನು ಮುಟ್ಟದೆ ಕೂರುವುದು ಹೇಗೆ?

ಇವು ಕೊಲ್ಲುವ ರೀತಿಯನ್ನೇ ನೋಡಿ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ. ಪೆಪ್ಟೈಡ್‌ನದು ಧನ. ಎರಡೂ ಒಂದನ್ನೊಂದು ಸೆಳೆಯುತ್ತವೆ. ಅಂಟಿಕೊಂಡ ಮೇಲೆ ಎಲ್‌ಎಲ್-37 ಥರದ ಪೆಪ್ಟೈಡ್ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಒಂದು ಬದಿ ನೀರಿಗೆ ಒಗ್ಗುತ್ತದೆ, ಇನ್ನೊಂದು ಬದಿ ಕೊಬ್ಬಿಗೆ. ಬ್ಯಾಕ್ಟೀರಿಯಾವನ್ನು ಸುತ್ತಿರುವ ಪೊರೆ ಕೊಬ್ಬಿನದ್ದೇ ಅಲ್ವಾ? ಆ ಬದಿ ಪೊರೆಯೊಳಗೆ ಇಳಿಯುತ್ತದೆ. ಪೊರೆ ಹರಿಯುತ್ತದೆ, ಒಳಗಿನದ್ದೆಲ್ಲ ಸೋರುತ್ತದೆ. ಎಷ್ಟೋ ಸಲ ಇದೆಲ್ಲ ಕೆಲವೇ ನಿಮಿಷಗಳ ಕೆಲಸ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಅಷ್ಟು ಋಣ ಅಂಶವಿಲ್ಲ. ಜೊತೆಗೆ ಕೊಲೆಸ್ಟರಾಲ್ ಪೊರೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಾಗಾಗಿ ಏಟು ಹೆಚ್ಚಾಗಿ ಬೀಳುವುದು ಶತ್ರುವಿನ ಮೇಲೆಯೇ.

ಕರುಳಿನಲ್ಲಿರುವ ಎಚ್‌ಡಿ-6 ಎಂಬ ಡಿಫೆನ್ಸಿನ್ ಕೊಲ್ಲುವ ಗೋಜಿಗೇ ಹೋಗುವುದಿಲ್ಲ. ಎಳೆಎಳೆಯಾಗಿ ಸೇರಿಕೊಂಡು ಬಲೆ ನೇಯುತ್ತದೆ. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಬಿದ್ದು ಕರುಳಿನ ಗೋಡೆಯನ್ನು ತಲುಪುವುದೇ ಇಲ್ಲ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ.

ಇವಿಲ್ಲದಿದ್ದರೆ ಏನಾಗುತ್ತದೆ ಅನ್ನುವುದೂ ಗೊತ್ತಿದೆ. ಕಾಸ್ಟ್‌ಮನ್ ಎಂಬ ಹುಟ್ಟು ಕಾಯಿಲೆಯಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳು ತೀರಾ ಕಡಿಮೆ. ಔಷಧಿ ಕೊಟ್ಟು ಅವುಗಳ ಎಣಿಕೆಯನ್ನು ಸರಿಮಾಡಿದರೂ ರೋಗಿಗಳ ವಸಡು ಹಾಳಾಗುತ್ತಲೇ ಇತ್ತು. ನೋಡಿದರೆ, ಆ ಕಣಗಳಲ್ಲಿ ಎಲ್‌ಎಲ್-37 ಇರಲಿಲ್ಲ. ಅಟಾಪಿಕ್ ಡರ್ಮಟೈಟಿಸ್ ಎಂಬ ಚರ್ಮದ ತುರಿಕೆ ಇರುವವರ ಗಾಯಗಳಲ್ಲಿ ಈ ಪೆಪ್ಟೈಡ್‌ಗಳು ಸೋರಿಯಾಸಿಸ್ ಇರುವವರಲ್ಲಿ ಇರುವುದಕ್ಕಿಂತ ಕಡಿಮೆ. ತುರಿಕೆ ಇರುವವರ ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸುಲಭವಾಗಿ ಬೀಡುಬಿಡುತ್ತದೆ. ಮೈಯೇ ಕೊಡಬೇಕಾದದ್ದನ್ನು ಕೊಡಲು ಆಗದಿದ್ದಾಗ ನಾವು ಹೊರಗಿನಿಂದ ಕೊಡುವುದರಲ್ಲಿ ತಪ್ಪೇನಿದೆ?

ಈ ದಾರಿ ತೋರಿಸಿದ್ದು ಒಂದು ಕಪ್ಪೆ. ಅಮೆರಿಕದ ವಿಜ್ಞಾನಿ ಮೈಕೆಲ್ ಝಾಸ್ಲೋಫ್ ಬೇರೆ ಯಾವುದೋ ಪ್ರಯೋಗಕ್ಕೆಂದು ಆಫ್ರಿಕಾದ ಉಗುರುಗಪ್ಪೆಗಳ ಹೊಟ್ಟೆ ಕೊಯ್ದು, ಹೊಲಿದು, ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರು ಸ್ವಚ್ಛವೇನೂ ಇರಲಿಲ್ಲ. ಆದರೂ ಹೊಲಿಗೆ ಹಾಕಿದ ಜಾಗ ಕೆಂಪಾಗದೆ, ಕೀವಾಗದೆ ಕೂಡಿಕೊಳ್ಳುತ್ತಿತ್ತು. ಯಾಕೆ ಎಂದು ಕೇಳಿಕೊಂಡ ಅವರಿಗೆ ಕಪ್ಪೆಯ ಚರ್ಮದಲ್ಲಿ ಮಗೈನಿನ್ ಸಿಕ್ಕಿತು. ಹೀಬ್ರೂವಿನ ಗುರಾಣಿ ಎಂಬ ಪದದಿಂದ ಮಾಡಿದ ಹೆಸರು ಅದು. 1987ರಲ್ಲಿ ಪ್ರಕಟಿಸಿದರು. ಅದರಿಂದಲೇ ಪೆಕ್ಸಿಗಾನನ್ ಎಂಬ ಮುಲಾಮು ಹುಟ್ಟಿತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚಲೆಂದು ಮಾಡಿದ್ದು. ಅಂಥ ಹುಣ್ಣು ವಾಸಿಯಾಗದೆ ಬೆರಳು, ಪಾದ ಕತ್ತರಿಸಿಕೊಳ್ಳುವವರು ಎಷ್ಟು ಜನ! ಒಬ್ಬರ ಕಾಲು ಉಳಿದರೂ ಉಳಿಯಲಿ ಅನ್ನಿಸುವುದಿಲ್ಲವೇ?

ವಿರೋಧ: ಈ ಬೀಗದ ಕೈಯನ್ನು ಶತ್ರುವಿಗೆ ತೋರಿಸಬಾರದು

ಪೆಕ್ಸಿಗಾನನ್ ಕಥೆಯನ್ನು ಅಲ್ಲಿಗೇ ನಿಲ್ಲಿಸಬಾರದು. 1999ರಲ್ಲಿ ಅಮೆರಿಕದ ಔಷಧ ಆಡಳಿತ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಆಗಲೇ ಇದ್ದ ಮಾತ್ರೆಗಿಂತ ಅದು ಮೇಲು ಎಂದು ತೋರಿಸಲು ಆಗಲಿಲ್ಲ. ಪೆಪ್ಟೈಡ್‌ಗಳಿಗೆ ಈ ಕಷ್ಟ ಇದ್ದದ್ದೇ. ಪರೀಕ್ಷಾ ತಟ್ಟೆಯಲ್ಲಿ ಚೆನ್ನಾಗಿ ಕೊಲ್ಲುತ್ತವೆ. ಗಾಯಕ್ಕೋ ರಕ್ತಕ್ಕೋ ಹೋದರೆ ಅಲ್ಲಿನ ಉಪ್ಪು ಅವುಗಳ ಬಲ ಕುಗ್ಗಿಸುತ್ತದೆ, ಕಿಣ್ವಗಳು ಚೂರುಚೂರು ಮಾಡುತ್ತವೆ. ಪ್ರಮಾಣ ಹೆಚ್ಚಿಸಿದರೆ ನಮ್ಮದೇ ಕೆಂಪು ರಕ್ತಕಣಗಳು ಒಡೆಯುವ ಭಯ. ತಯಾರಿಸುವ ಖರ್ಚೂ ದೊಡ್ಡದು. ಇವಕ್ಕೆಲ್ಲ ನಾಳೆ ಪರಿಹಾರ ಸಿಗಬಹುದು. ನನ್ನನ್ನು ಕಾಡುವುದು ಇವಲ್ಲ.

ಪೊರೆಯನ್ನೇ ಹರಿಯುವ ಆಯುಧಕ್ಕೆ ಬ್ಯಾಕ್ಟೀರಿಯಾ ಬಗ್ಗದೆ ವಿಧಿಯಿಲ್ಲ, ಪೊರೆಯನ್ನು ಅಷ್ಟು ಸುಲಭವಾಗಿ ಬದಲಿಸಿಕೊಳ್ಳಲಾಗದು ಎಂದು ಎಷ್ಟೋ ಜನ ನಂಬಿದ್ದರು. ಝಾಸ್ಲೋಫ್ ಕೂಡ ಹಾಗೆಯೇ ಬರೆದಿದ್ದರು. 2003ರಲ್ಲಿ ಗ್ರಹಾಂ ಬೆಲ್ ಮತ್ತು ಪಿಯೆರ್-ಹೆನ್ರಿ ಗುಯೋ ಎಂಬ ವಿಕಾಸ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಒಂದೇ ಪೆಪ್ಟೈಡನ್ನು ರಾಶಿರಾಶಿ ಸುರಿದರೆ ಬ್ಯಾಕ್ಟೀರಿಯಾ ಕಲಿತೇ ಕಲಿಯುತ್ತದೆ, ಕಲಿತದ್ದು ನಮ್ಮ ಮೈಯ ಸ್ವಂತ ಪೆಪ್ಟೈಡ್‌ಗಳನ್ನೂ ಸೋಲಿಸಬಹುದು ಎಂದರು. ಮುಂದೆ ನಡೆದದ್ದು ನನಗೆ ಬಹಳ ಇಷ್ಟ. ಬೆಲ್ ಮತ್ತು ಝಾಸ್ಲೋಫ್ ಸೇರಿಕೊಂಡೇ ಪರೀಕ್ಷೆಗೆ ನಿಂತರು. ಎರಡು ಜಾತಿಯ ಬ್ಯಾಕ್ಟೀರಿಯಾಗಳ 24 ಸಾಲುಗಳನ್ನು ಪೆಕ್ಸಿಗಾನನ್ ಇರುವ ದ್ರವದಲ್ಲಿ 600–700 ತಲೆಮಾರು ಬೆಳೆಸಿದರು. 24ರಲ್ಲಿ 22 ಸಾಲುಗಳು ಅದಕ್ಕೆ ಬಗ್ಗದವಾದವು. 2006ರಲ್ಲಿ ಪ್ರಕಟವಾದ ಆ ಬರಹದಲ್ಲಿ ಝಾಸ್ಲೋಫ್ ಹೆಸರೂ ಇದೆ. ತಾನು ನಂಬಿದ್ದು ತಪ್ಪೆಂದು ತನ್ನ ಕೈಯಿಂದಲೇ ತೋರಿಸುವುದು ಸಣ್ಣ ಮಾತಲ್ಲ.

ಬೆಲ್ ಅವರ ಇನ್ನೊಂದು ಭಯವೂ ಸುಳ್ಳಾಗಲಿಲ್ಲ. 2012ರಲ್ಲಿ, ಪೆಕ್ಸಿಗಾನನ್‌ಗೆ ಒಗ್ಗಿಕೊಂಡ ಸ್ಟ್ಯಾಫಿಲೊಕಾಕಸ್ ನಮ್ಮ ಬಿಳಿ ರಕ್ತಕಣಗಳ ಡಿಫೆನ್ಸಿನ್‌ಗೂ ಬಗ್ಗದ್ದನ್ನು ಸಂಶೋಧಕರು ಕಂಡರು. ಕಪ್ಪೆಯ ಗುರಾಣಿಯನ್ನು ಭೇದಿಸಲು ಕಲಿತದ್ದು ನಮ್ಮ ಗುರಾಣಿಗೂ ಸಾಕಾಯಿತು.

ಪೆನಿಸಿಲಿನ್ ಒಂದು ಸೋತರೆ ಇನ್ನೊಂದು ಮದ್ದು ಹುಡುಕಬಹುದು. ನಮ್ಮ ಡಿಫೆನ್ಸಿನ್ ಸೋತರೆ ಅಂಗಡಿಯಿಂದ ಏನು ತರುವುದು? ಬರೀ ಆಸ್ಪತ್ರೆಯ ರೋಗಿಗೆ ಬರುವ ಕಷ್ಟವಲ್ಲ ಅದು. ಕೆನ್ನೆ ಕಚ್ಚಿಕೊಂಡವರಿಗೆ, ಮೊಣಕಾಲು ತರಚಿಕೊಂಡ ಮಗುವಿಗೆ ಬರುವ ಕಷ್ಟ.

ಇದು ತಟ್ಟೆಯಲ್ಲಷ್ಟೇ ಆಗುವಂಥದ್ದು ಎನ್ನುವವರು ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕಡೆ ನೋಡಲಿ. ಅದೂ ಪೆಪ್ಟೈಡೇ, ಬ್ಯಾಕ್ಟೀರಿಯಾ ತಯಾರಿಸುವಂಥದ್ದು. ಮೂತ್ರಪಿಂಡಕ್ಕೆ ಕೆಟ್ಟದ್ದೆಂದು ಮನುಷ್ಯರಿಗೆ ಕೊಡುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದರು. ಹಂದಿಗಳು ಬೇಗ ಕೊಬ್ಬಲಿ ಎಂದು ಮೇವಿನಲ್ಲಿ ಬೆರೆಸುವುದು ಮಾತ್ರ ನಡೆದೇ ಇತ್ತು. 2015ರಲ್ಲಿ ಚೀನಾದಲ್ಲಿ ಎಂಸಿಆರ್-1 ಎಂಬ ಜೀನ್ ಪತ್ತೆಯಾಯಿತು. ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವ ಜೀನ್ ಅದು. ಹೊರಮೈಯ ಋಣ ಅಂಶವನ್ನು ಕಡಿಮೆ ಮಾಡಿ ಪೆಪ್ಟೈಡ್ ಅಂಟದ ಹಾಗೆ ನೋಡಿಕೊಳ್ಳುತ್ತದೆ. 2023ರ ಒಂದು ಅಧ್ಯಯನದ ಪ್ರಕಾರ ಈ ಜೀನ್ ಇರುವ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ, ಮನುಷ್ಯ ಮತ್ತು ಪ್ರಾಣಿಗಳ ಸ್ವಂತ ಪೆಪ್ಟೈಡ್‌ಗಳನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ.

ಎಲ್‌ಎಲ್-37 ಬರೀ ಕೊಲೆಗಾರ ಕೂಡ ಅಲ್ಲ. ಅದು ರೋಗನಿರೋಧಕ ಕೋಶಗಳನ್ನು ಕೂಗಿ ಕರೆಯುತ್ತದೆ. ಸೋರಿಯಾಸಿಸ್ ಇರುವವರ ಚರ್ಮದಲ್ಲಿ ಅದು ಜಾಸ್ತಿ. ಸತ್ತ ಕೋಶಗಳ ಡಿಎನ್‌ಎಗೆ ಅಂಟಿಕೊಂಡು, ಅದು ವೈರಿಯದ್ದೇನೋ ಎಂಬಂತೆ ಎಚ್ಚರಿಕೆ ಗಂಟೆ ಬಾರಿಸುವುದನ್ನು 2007ರಲ್ಲಿ ಕಂಡುಕೊಂಡರು. ಮುಖ ಕೆಂಪಾಗುವ ರೊಸೇಸಿಯಾದಲ್ಲೂ ಇದರ ಕೈವಾಡವಿದೆ. ಮೈಯೇ ಅಳೆದು ಸುರಿಯುವುದನ್ನು ನಾವು ಕೊಳಗದಲ್ಲಿ ಸುರಿದರೆ ಏನಾದೀತು?

ಮೈ ಒಂದೇ ಪೆಪ್ಟೈಡನ್ನು ನೆಚ್ಚಿ ಕೂತಿಲ್ಲ. ಹಲವನ್ನು ಒಟ್ಟಿಗೆ, ಬೇಕಾದ ಜಾಗಕ್ಕೆ, ಬೇಕಾದಷ್ಟು ಹೊತ್ತು ಬಿಡುತ್ತದೆ. ಒಂದಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ನನಗೆ ಸರಿ ಅನ್ನಿಸುವ ದಾರಿ ಈ ಏರ್ಪಾಡಿಗೆ ಬಲ ಕೊಡುವುದು. ಆಮಶಂಕೆ ತರುವ ಶಿಗೆಲ್ಲಾ ಕರುಳಿಗೆ ಬಂದು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಅಲ್ಲಿನ ಎಲ್‌ಎಲ್-37 ತಯಾರಿಯನ್ನು ತಗ್ಗಿಸುವುದು. ಬ್ಯೂಟಿರೇಟ್ ಎಂಬ ಸರಳ ಆಮ್ಲ ಅದನ್ನು ಮತ್ತೆ ಶುರುಮಾಡಬಲ್ಲದು. ನಾವು ತಿಂದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಕೊಳೆಸಿ ಮಾಡುವುದೂ ಇದನ್ನೇ. 2006ರಲ್ಲಿ ಆಮಶಂಕೆ ಬಂದ ಮೊಲಗಳಿಗೆ ಇದನ್ನು ಕುಡಿಸಿ ನೋಡಿದರು. ಕರುಳಿನ ಒಳಮೈಯಲ್ಲಿ ಅವುಗಳ ಕ್ಯಾಥೆಲಿಸಿಡಿನ್ ಮತ್ತೆ ಕಾಣಿಸಿಕೊಂಡಿತು. ಮಲದಲ್ಲಿ ರಕ್ತ ಹೋಗುವುದು ಕಡಿಮೆಯಾಯಿತು, ಶಿಗೆಲ್ಲಾದ ಸಂಖ್ಯೆಯೂ ಇಳಿಯಿತು. ಆ ಮೊಲಗಳಿಗೆ ಯಾರೂ ಪೆಪ್ಟೈಡ್ ಕೊಟ್ಟಿರಲಿಲ್ಲ.